ಬುಟ್ಟಿ ಉಳಿದರೆ ಸಾಕೆ, ಹುಲ್ಲು ಬೇಡವೆ?

ಆಫ್ರಿಕನ್ ಅಮೆರಿಕನ್ನರ ಚರಿತ್ರೆಯನ್ನು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಗಳು ಹೇಗೆ ಹೇಳಬೇಕೆಂಬ ವಿವಾದ 2025ರ ಮಾರ್ಚ್ 27ರ ಅಧ್ಯಕ್ಷೀಯ ಆದೇಶದ ನಂತರ ಕಾವೇರಿದೆ. ಸ್ಮಿತ್ಸೋನಿಯನ್ ಸಂಸ್ಥೆಯನ್ನು ಕುರಿತ ಆ ಆದೇಶವು, 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಸಂಗ್ರಹಾಲಯವನ್ನೂ ಹೆಸರಿಸಿದೆ. ಚರ್ಚೆಯೆಲ್ಲ ಫಲಕಗಳ ಮೇಲಿನ ಬರಹವನ್ನು ಕುರಿತದ್ದು. ಬರಹಕ್ಕೆ ಸಿಗದೆ, ಕೈ, ಕಿವಿ, ಮೂಗುಗಳಲ್ಲಿ ಮಾತ್ರ ಉಳಿಯುವ ಅರಿವಿನ ಗತಿಯೇನು?

ಈ ಪ್ರಶ್ನೆ ನನಗೆ ಎದುರಾದದ್ದು ದಕ್ಷಿಣ ಕ್ಯಾರೊಲೈನಾದ ಮೌಂಟ್ ಪ್ಲೆಸೆಂಟಿನಲ್ಲಿ. ಅಲ್ಲಿನ 17ನೇ ಹೆದ್ದಾರಿಯ ಬದಿಯಲ್ಲಿ ಗಲ್ಲಾ-ಗೀಚಿ ಸಮುದಾಯದ ಹೆಂಗಸರು ಬುಟ್ಟಿ ಮಾರುತ್ತಾರೆ. ಅಭ್ಯಾಸಬಲದಿಂದ ನಾನೂ ಚೌಕಾಸಿಗಿಳಿದೆ. ಮಾರುತ್ತಿದ್ದಾಕೆ ಉತ್ತರಿಸದೆ ಒಂದು ಹಿಡಿ ಹುಲ್ಲನ್ನು ನನ್ನ ಮೂಗಿನ ಬಳಿ ಹಿಡಿದರು. ನಮ್ಮೂರಿನ ಹೊಸ ಬಣವೆಯ ಕಂಪು ಅದು.

ಈ ಬುಟ್ಟಿಗಳನ್ನು ಹೆಣೆಯುವುದಿಲ್ಲ, ಹೊಲಿಯುತ್ತಾರೆ. ಸ್ವೀಟ್‌ಗ್ರಾಸ್, ಜೊಂಡು, ಪೈನ್ ಮರದ ಸೂಜಿಯೆಲೆಗಳನ್ನು ಹುರಿಯಂತೆ ಸೇರಿಸಿ, ಸುರುಳಿ ಸುತ್ತುತ್ತ, ತಾಳೆಯ ಜಾತಿಯ ಪಾಮೆಟೊ ಗರಿಯ ಸೀಳಿನಿಂದ ಬಿಗಿಯುತ್ತಾರೆ. ರಂಧ್ರ ಮಾಡಲು ಅರೆದು ಚೂಪಾಗಿಸಿದ ಚಮಚದ ಹಿಡಿಯೇ ಸಾಧನ. ಹುಲ್ಲನ್ನು ಕೊಯ್ಯುವುದಿಲ್ಲ, ಬುಡ ಕೀಳದಂತೆ ಎಳೆಯುತ್ತಾರೆ. ಎಷ್ಟು ಎಳೆಯಬೇಕೆಂಬುದು ಕೈಗೇ ಗೊತ್ತು.

ಇದರ ಮೂಲ ಪಶ್ಚಿಮ ಆಫ್ರಿಕಾದ ಭತ್ತದ ನಾಡು. ಗುಲಾಮರಾಗಿ ತರಲ್ಪಟ್ಟವರು ಇಲ್ಲಿನ ಭತ್ತದ ತೋಟಗಳಲ್ಲಿ ಇಂಥದೇ ಅಗಲ ಬುಟ್ಟಿಗಳಿಂದ ಜೊಳ್ಳು ಹಾರಿಸುತ್ತಿದ್ದರು. ಭತ್ತದ ಕೃಷಿಜ್ಞಾನವೇ ಆಫ್ರಿಕನ್ನರದೆಂದು ಜೂಡಿತ್ ಕಾರ್ನಿ 2001ರಲ್ಲಿ ವಾದಿಸಿದರು. ಅದರ ವ್ಯಾಪ್ತಿಯನ್ನು ಕೆಲವು ಇತಿಹಾಸಕಾರರು ಒಪ್ಪುವುದಿಲ್ಲ. ಬುಟ್ಟಿಯ ವಂಶಾವಳಿಯ ಬಗ್ಗೆ ಅಷ್ಟು ತಕರಾರಿಲ್ಲ. ಅದು ನಮ್ಮ ಮೊರದ ಒಡಹುಟ್ಟು. ಕೇರುವಾಗ ಸದ್ದು ಕೇಳಿಯೇ ಕಾಳು ಹಸನಾಯಿತೆಂದು ಹೇಳುತ್ತಿದ್ದ ಅಜ್ಜಿಯಂದಿರನ್ನು ನಾವು ಕಂಡಿದ್ದೇವೆ.

ಮನ್ನಣೆಗೆ ಕೊರತೆಯಿಲ್ಲ. 2006ರಲ್ಲಿ ಇದು ರಾಜ್ಯದ ಅಧಿಕೃತ ಕರಕುಶಲವಾಯಿತು. ಅದೇ ವರ್ಷ ಉತ್ತರ ಕ್ಯಾರೊಲೈನಾದಿಂದ ಫ್ಲಾರಿಡಾವರೆಗಿನ ಗಲ್ಲಾ-ಗೀಚಿ ಪರಂಪರೆಯ ವಲಯವನ್ನು ಅಮೆರಿಕದ ಕಾಂಗ್ರೆಸ್ ಸ್ಥಾಪಿಸಿತು. 2008ರಲ್ಲಿ ಬುಟ್ಟಿ ಕಲಾವಿದೆ ಮೇರಿ ಜಾಕ್ಸನ್ ಅವರಿಗೆ ಮೆಕಾರ್ಥರ್ ಫೆಲೋಶಿಪ್ ದೊರೆಯಿತು. ಆದರೆ ಹುಲ್ಲು ಬೆಳೆಯುತ್ತಿದ್ದ ಕಡಲಂಚಿನ ಮರಳು ದಿಬ್ಬಗಳಲ್ಲಿ ಈಗ ಬಡಾವಣೆಗಳೂ ಗಾಲ್ಫ್ ಮೈದಾನಗಳೂ ಇವೆ. ಮುಚ್ಚಿದ ಗೇಟುಗಳ ಹೊರಗುಳಿದವರು ಹುಲ್ಲಿಗಾಗಿ ಜಾರ್ಜಿಯಾ, ಫ್ಲಾರಿಡಾಗಳಿಗೆ ಹೋಗಬೇಕಾಗಿದೆ.

ನಮ್ಮ ಮೇದರ ಕಥೆ ಬೇರೆಯಲ್ಲ. 1927ರ ಅರಣ್ಯ ಕಾಯ್ದೆ ಬಿದಿರನ್ನು ಮರವೆಂದು ಎಣಿಸಿತು. 2006ರ ಅರಣ್ಯ ಹಕ್ಕು ಕಾಯ್ದೆ ಅದನ್ನು ಕಿರು ಅರಣ್ಯೋತ್ಪನ್ನವೆಂದು ಒಪ್ಪಿತು. ಅರಣ್ಯದಾಚೆಯ ಬಿದಿರಿಗೆ ಮರದ ಪಟ್ಟಿಯಿಂದ ಬಿಡುಗಡೆ ಸಿಕ್ಕಿದ್ದು 2017ರಲ್ಲಿ. ಅಷ್ಟರಲ್ಲಿ ಮೊರದ ಜಾಗಕ್ಕೆ ಪ್ಲಾಸ್ಟಿಕ್ ಬಂದಿತ್ತು.

ವಸ್ತುವಿಗೆ ಗೌರವ ಕೊಟ್ಟು, ಅದರ ಕಚ್ಚಾಸಾಮಗ್ರಿಯ ಮೇಲಿನ ಹಕ್ಕನ್ನು ಕಸಿದರೆ ಅರಿವು ಒಂದೆರಡು ತಲೆಮಾರುಗಳಲ್ಲಿ ಬೆರಳು ಬಿಟ್ಟುಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಬುಟ್ಟಿ ಉಳಿದೀತು, ಕಂಪು ಉಳಿಯದು. ಸಂಗ್ರಹಾಲಯದ ಫಲಕಕ್ಕಾಗಿ ನಡೆಯುವ ಹೋರಾಟ ದಿಬ್ಬದ ಹುಲ್ಲಿಗಾಗಿಯೂ ನಡೆಯಬೇಕಾಗಿದೆ. ಆ ದಿನ ನಾನು ಕೇಳಿದಷ್ಟು ಬೆಲೆ ಕೊಟ್ಟು ಬಂದೆ.