ನಕಾಶೆಯಲ್ಲಿ ಇಲ್ಲದ ಊರು



ಊರಿನ ಹೊಲಸು ಎಲ್ಲಿಗೆ ಹೋಗುತ್ತದೆ ಎಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಸತ್ತ ದನ, ಕೊಳೆತ ಕಸ, ಗಟಾರದ ನೀರು ಎಲ್ಲವೂ ಕೇರಿಯ ಕಡೆಗೇ ಬರುತ್ತವೆ. ಅಣುಶಕ್ತಿಯ ಹೊಲಸಿಗೆ ಬಣ್ಣ ಇಲ್ಲ, ನಾತ ಇಲ್ಲ. ಅದೂ ಕೇರಿಯನ್ನೇ ಹುಡುಕುತ್ತದೆ. ಮುರಗೋಡದ ಹಾಸ್ಟೆಲ್ ಗೆಳೆಯರು ಈ ಸಂಗತಿ ತಿಳಿದಿರಬೇಕು.

1957ರ ಸೆಪ್ಟೆಂಬರ್ 29. ಸೋವಿಯತ್ ದೇಶದ ಉರಲ್ ಬೆಟ್ಟಗಳ ಹತ್ತಿರ ಮಯಾಕ್ ಎಂಬ ಕಾರ್ಖಾನೆ. ಬಾಂಬಿಗೆ ಬೇಕಾದ ಪ್ಲುಟೋನಿಯಂ ಮಾಡುವುದು ಅದರ ಕೆಲಸ. ಉಳಿದ ವಿಷದ ರಾಡಿಯನ್ನು ನೆಲದೊಳಗಿನ ಟಾಕಿಗಳಲ್ಲಿ ತುಂಬಿದ್ದರು. ಈ ರಾಡಿ ತನ್ನಷ್ಟಕ್ಕೆ ತಾನೇ ಕಾಯುತ್ತದೆ. ಸದಾ ನೀರು ಹರಿಸಿ ತಂಪು ಮಾಡುತ್ತಿರಬೇಕು. ಒಂದು ಟಾಕಿಯ ತಂಪಿನ ವ್ಯವಸ್ಥೆ ಕೆಟ್ಟಿತು. ಸರಿಪಡಿಸಲಿಲ್ಲ. ಒಳಗಿನ ನೀರು ಆರಿತು, ಉಳಿದ ಉಪ್ಪು ಮದ್ದಿನ ಹಂಗ ಸಿಡಿಯಿತು. 160 ಟನ್ನಿನ ಕಾಂಕ್ರೀಟ್ ಮುಚ್ಚಳ ಹಾರಿಹೋಯಿತು. ವಿಷದ ಮೋಡ 217 ಊರುಗಳ, 2 ಲಕ್ಷ 70 ಸಾವಿರ ಜನರ ಮೇಲೆ ಹಾದುಹೋಯಿತು. ಆಕಾಶದಲ್ಲಿ ಕಂಡ ಬೆಳಕನ್ನು ಅಲ್ಲಿಯ ಪತ್ರಿಕೆ ಧ್ರುವಪ್ರಭೆ ಎಂದು ಬರೆಯಿತು!

ಸ್ಟ್ರಾನ್ಷಿಯಂ-90 ಹುಲ್ಲಿಗೆ ಬಿತ್ತು. ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಕೂಸುಗಳ ಎಲುಬಿಗೆ. ಅದು ಅರ್ಧ ಕಡಿಮೆಯಾಗಲಿಕ್ಕೇ 29 ವರ್ಷ ಬೇಕು. ಮೊದಲ ಹತ್ತು ದಿನದೊಳಗೆ ಎಬ್ಬಿಸಿದ್ದು ಸಾವಿರ ಚಿಲ್ಲರೆ ಜನರನ್ನು. ಉಳಿದವರು ತಿಂಗಳುಗಟ್ಟಲೆ ಅದೇ ಹಾಲು ಕುಡಿದರು, ಅದೇ ಕಾಳು ಉಂಡರು. ಯಾಕೆ ಎಬ್ಬಿಸುತ್ತೇವೆ ಎಂದು ಎದ್ದವರಿಗೂ ಹೇಳಲಿಲ್ಲ.

ಕರಬೋಲ್ಕ ಎಂಬ ಹೆಸರಿನ ಎರಡು ಊರುಗಳಿದ್ದವು. ಒಂದು ರಷ್ಯನ್ನರದು, ಇನ್ನೊಂದು ತಾತಾರರದು. ರಷ್ಯನ್ನರ ಕರಬೋಲ್ಕವನ್ನು ಎತ್ತಿ ಬೇರೆ ಕಡೆ ಕೂಡಿಸಿದರು. ತಾತಾರರದು ಅಲ್ಲೇ ಉಳಿಯಿತು. ಶಾಲೆಯ ಮಕ್ಕಳನ್ನು ಕರೆದೊಯ್ದು ವಿಷ ತಾಗಿದ ಬಟಾಟೆ, ಗಜ್ಜರಿ ಹೂಳಲಿಕ್ಕೆ ಹಚ್ಚಿದರೆಂದು ಬದುಕುಳಿದವರು ಹೇಳಿದ್ದಾರೆ. ಊರು, ಕೇರಿ ಅಂದ್ರ ಇದೇ ಅಲ್ಲವೇ?

ಮಯಾಕ್ ಕೆಲಸಗಾರರ ಪಟ್ಟಣ ಯಾವ ನಕಾಶೆಯಲ್ಲೂ ಇರಲಿಲ್ಲ. ಅದಕ್ಕೇ ಈ ಅಪಘಾತಕ್ಕೆ ನಕಾಶೆಯಲ್ಲಿದ್ದ ಹತ್ತಿರದ ಊರು ಕಿಶ್ತಿಮ್‌ನ ಹೆಸರು ಬಂತು. 1976ರಲ್ಲಿ ದೇಶ ಕಳೆದುಕೊಂಡ ವಿಜ್ಞಾನಿ ಜೊರೆಸ್ ಮೆಡ್ವೆಡೆವ್ ಲಂಡನ್ನಿನಿಂದ ಇದನ್ನು ಬರೆದಾಗ, ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥರೇ ಸುಳ್ಳೆಂದು ತಳ್ಳಿಹಾಕಿದರು. ಸೋವಿಯತ್ ಸರಕಾರ ಒಪ್ಪಿದ್ದು 1989ರಲ್ಲಿ. ಕಮ್ಯುನಿಸ್ಟರಿರಲಿ, ಬಂಡವಾಳದವರಿರಲಿ, ಬಡವರಿಂದ ಮುಚ್ಚಿಡುವುದರಲ್ಲಿ ಎಲ್ಲರೂ ಒಂದೇ.

ರಷ್ಯಾ ದೂರ ಅನ್ನಬೇಡಿ. 2009ರಲ್ಲಿ ನಮ್ಮ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತು 50ಕ್ಕೂ ಹೆಚ್ಚು ಕೆಲಸಗಾರರ ಮೈ ಸೇರಿತು. 2012ರ ನವೆಂಬರಿನಲ್ಲಿ ಕೂಡಂಕುಳಂ ಸ್ಥಾವರದ ಕಸವನ್ನು ಕೋಲಾರದ ಚಿನ್ನದ ಗಣಿಯಲ್ಲಿ ಇಡುವ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂತು. ಆ ಗಣಿ ತೋಡಿದವರಲ್ಲಿ ಬಹುಪಾಲು ನಮ್ಮವರೇ. 2001ರಲ್ಲಿ ಗಣಿ ಮುಚ್ಚಿ ಅವರ ಕೈಯಲ್ಲಿ ಕೆಲಸ ಇಲ್ಲದಂತಾಯಿತು, ಸೈನೈಡ್ ದಿಬ್ಬಗಳ ಧೂಳು ಮಾತ್ರ ಉಳಿಯಿತು. ಚಿನ್ನ ಒಯ್ದವರು ಯಾರೋ, ಕಸ ಇಟ್ಟುಕೊಳ್ಳುವವರು ಇವರು! ಜನ ಬೀದಿಗಿಳಿದರು. ಆಮೇಲೆ ಕೇಂದ್ರ ಸರಕಾರ ಅಂಥ ಯೋಜನೆಯೇ ಇಲ್ಲ ಎಂದಿತು.

ನಾವು ಕರೆಂಟಿನ ವೈರಿಗಳಲ್ಲ. ಕೇರಿಗೆ ದೀಪ ಎಲ್ಲರಿಗಿಂತ ತಡವಾಗಿ ಬಂತು. ಅದರ ಬೆಲೆ ನಮಗೆ ಗೊತ್ತು. ನಾವು ಕೇಳುವುದು ಇಷ್ಟೇ: ಉಳಿದ ಕಸ ಎಲ್ಲಿಡುತ್ತೀರಿ? ಅಲ್ಲಿ ಯಾರ ಮನೆಗಳಿವೆ? ಅವರನ್ನು ಕೇಳಿದ್ದೀರಾ?

ವಿಜ್ಞಾನ ಓದುವ ತಮ್ಮಂದಿರೇ, ತಂಗಿಯರೇ, ಪರೀಕ್ಷೆಗಷ್ಟೇ ಓದಬೇಡಿ. ಅಣು ಅಂದರೇನು, ಅದರ ಕಸ ಅಂದರೇನು ಎಂದು ಅವ್ವ ಅಪ್ಪನಿಗೆ ತಿಳಿಯುವ ಮಾತಿನಲ್ಲಿ ಕೇರಿಯಲ್ಲಿ ಹೇಳಿರಿ. ಕೋಲಾರದ ಜನಕ್ಕೆ ಸುದ್ದಿ ಮೊದಲೇ ಮುಟ್ಟಿತ್ತು, ಅದಕ್ಕೇ ಎದ್ದು ನಿಂತರು. ಕರಬೋಲ್ಕದ ಮಕ್ಕಳಿಗೆ ಹೇಳುವವರು ಯಾರೂ ಇರಲಿಲ್ಲ.