ಕಂಡುಹಿಡಿದ ಕೈಗೆ ಹೆಸರಿರಲಿ

ಹೋಟೆಲಿನ ಗಲ್ಲೆಯ ಬಳಿ ಪಾರ್ಸೆಲು ಕಟ್ಟುವ ಹುಡುಗ ದಿನಕ್ಕೆ ನೂರಾರು ಸಲ ಕಾಗದದ ಚೀಲವೊಂದನ್ನು ಕೊಡವಿ ಬಿಡಿಸುತ್ತಾನೆ. ಚೀಲ ತಳವೂರಿ ಮೇಜಿನ ಮೇಲೆ ತಾನಾಗಿ ನಿಲ್ಲುತ್ತದೆ. ಇಡ್ಲಿಯ ಪೊಟ್ಟಣವನ್ನೂ ಚಟ್ನಿಯ ಪೊಟ್ಟಣವನ್ನೂ ಒಳಗಿಡಲು ಅವನ ಎರಡು ಕೈಗಳೂ ಬಿಡುವಾಗುತ್ತವೆ. 2018ರಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ ಮೇಲೆ ನಮ್ಮ ಹೋಟೆಲುಗಳಲ್ಲಿ ಈ ಕಾಗದದ ಚೀಲಕ್ಕೆ ಮತ್ತಷ್ಟು ಬೆಲೆ ಬಂದಿದೆ. ಆದರೆ ಚೀಲದ ತಳವನ್ನು ಚಪ್ಪಟೆಯಾಗಿ ಮಡಿಸಿ ಅಂಟಿಸುವ ಯಂತ್ರವನ್ನು ಮೊದಲು ಕಂಡುಹಿಡಿದವರು ಯಾರೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರು ಕಾಲೇಜಿನಲ್ಲಿ ಕಲಿತ ಇಂಜಿನಿಯರರಲ್ಲ, ಬಂಡವಾಳಗಾರರೂ ಅಲ್ಲ. ಬಾಲ್ಯದಲ್ಲಿಯೇ ಹತ್ತಿಯ ಗಿರಣಿ ಸೇರಿ ದುಡಿದ ಒಬ್ಬ ಹೆಣ್ಣುಮಗಳು.

ಮಾರ್ಗರೆಟ್ ನೈಟ್ ಎಂಬ ಆಕೆ ಹುಟ್ಟಿದ್ದು ಅಮೆರಿಕದಲ್ಲಿ, 1838ರಲ್ಲಿ. ಆಕೆಗೆ ಹನ್ನೆರಡರ ಪ್ರಾಯವಿದ್ದಾಗ ಗಿರಣಿಯಲ್ಲಿ ಒಂದು ಮಗ್ಗದ ಲಾಳಿ ಸಿಡಿದು ಕೆಲಸಗಾರನೊಬ್ಬನಿಗೆ ಬಡಿಯಿತು. ಉಕ್ಕಿನ ಮೊನೆಯ ಲಾಳಿ ಮಗ್ಗ ಬಿಟ್ಟು ಹಾರಿದರೆ ಏನಾಗುತ್ತದೆಂಬುದನ್ನು ಮುಂಬಯಿಯ ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಆ ಹುಡುಗಿ ಅದನ್ನು ಕಂಡು ಅತ್ತು ಸುಮ್ಮನಾಗಲಿಲ್ಲ. ಲಾಳಿ ಹಾಗೆ ಹಾರದಂತೆ ತಡೆಯುವ ಒಂದು ಸಾಧನವನ್ನು ಯೋಚಿಸಿದಳು. ಗಿರಣಿಗಳು ಅದನ್ನು ಬಳಸಿದವು. ಆಕೆಗೆ ಅದರಿಂದ ಬಿಡಿಕಾಸೂ ಸಿಗಲಿಲ್ಲ. ಪೇಟೆಂಟು ಎಂಬುದೊಂದು ಇದೆಯೆಂದು ಆಕೆಗೆ ಹೇಳುವವರಾದರೂ ಯಾರಿದ್ದರು?

ಮುಂದೆ ಆಕೆ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಊರಿನ ಕಾಗದದ ಚೀಲದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಆಗ ಚಪ್ಪಟೆ ತಳದ ಚೀಲವನ್ನು ಕೈಯಿಂದಲೇ ಮಾಡಬೇಕಾಗಿತ್ತು. ಕೆಲಸ ನಿಧಾನ, ಬೆಲೆ ಹೆಚ್ಚು. ಆಕೆ ಚಿತ್ರ ಬರೆದು, ಲೆಕ್ಕ ಹಾಕಿ, ಮರದಲ್ಲಿ ಒಂದು ಯಂತ್ರದ ಮಾದರಿಯನ್ನು ಕಟ್ಟಿದಳು. ಅದು ಸಾವಿರಗಟ್ಟಲೆ ಚೀಲಗಳನ್ನು ಮಡಿಸಿತು. ಪೇಟೆಂಟಿಗೆ ಅರ್ಜಿ ಹಾಕಲು ಕಬ್ಬಿಣದ ಮಾದರಿಯನ್ನು ಮಾಡಿಸುತ್ತಿದ್ದಾಗ, ಚಾರ್ಲ್ಸ್ ಅನಾನ್ ಎಂಬವನು ಆ ಕಮ್ಮಟಕ್ಕೆ ಬಂದು ಯಂತ್ರವನ್ನು ನೋಡಿಕೊಂಡು ಹೋದ. ಆಕೆ ಅರ್ಜಿ ಹಾಕುವ ಹೊತ್ತಿಗೆ ಆತ ಅದೇ ಯಂತ್ರ ತನ್ನದೆಂದು ಹಕ್ಕು ಪಡೆದುಬಿಟ್ಟಿದ್ದ.

ಆಕೆ ದಾವೆ ಹೂಡಿದಳು. ಹೆಂಗಸಿಗೆ ಇಂಥ ಯಂತ್ರದ ಒಳಗುಟ್ಟು ತಿಳಿಯುವುದುಂಟೇ ಎಂದು ಎದುರಾಳಿ ವಾದಿಸಿದನೆಂದು ಹೇಳುತ್ತಾರೆ. ಆಕೆ ವಾದಕ್ಕೆ ವಾದ ಹೂಡಲಿಲ್ಲ. ತನ್ನ ಟಿಪ್ಪಣಿ ಪುಸ್ತಕಗಳನ್ನೂ ಚಿತ್ರಗಳನ್ನೂ ಮೇಜಿನ ಮೇಲಿಟ್ಟಳು, ಜತೆಯಲ್ಲಿ ಕೆಲಸ ಮಾಡಿದವರನ್ನು ಸಾಕ್ಷಿಗೆ ಕರೆತಂದಳು. ಗೆದ್ದಳು. 1871ರ ಜುಲೈ 11ರಂದು ಪೇಟೆಂಟು ಆಕೆಯ ಹೆಸರಿಗೇ ಬಂತು. ಜೀವಮಾನದಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಪೇಟೆಂಟುಗಳನ್ನು ಪಡೆದ ಆಕೆ 1914ರಲ್ಲಿ ತೀರಿಕೊಂಡಾಗ ಉಳಿದ ಆಸ್ತಿ ಮುನ್ನೂರು ಡಾಲರಿನಷ್ಟೂ ಇರಲಿಲ್ಲ. ಆದರೂ ಆಕೆಯ ಹೆಸರು ಉಳಿಯಿತು. ಅದನ್ನು ಉಳಿಸಿದ್ದು ಒಂದು ಟಿಪ್ಪಣಿ ಪುಸ್ತಕ.

ಇದು ನೂರೈವತ್ತು ವರುಷಗಳ ಹಿಂದಿನ ಮಾತು, ಈಗ ಕಾಲ ಬದಲಾಗಿದೆ ಎಂದು ವಾಚಕರು ಹೇಳಬಹುದು. ಬದಲಾಗಿರುವುದು ನಿಜ. ಎಷ್ಟು ಬದಲಾಗಿದೆ ಎಂಬುದಕ್ಕೆ ನಮ್ಮ ಕಾಲದ ಎರಡು ಪ್ರಸಂಗಗಳನ್ನು ನೋಡೋಣ.

ಇಂದು ಮನೆಮನೆಯಲ್ಲಿ ಉರಿಯುವ ಬಿಳಿಯ ಎಲ್‌ಇಡಿ ದೀಪದ ಒಳಗಿರುವುದು ಸಾಮಾನ್ಯವಾಗಿ ಒಂದು ನೀಲಿ ಬೆಳಕಿನ ಚೂರು. ಕೆಂಪು, ಹಸಿರು ಬೆಳಕನ್ನು ಕೊಡುವ ಚೂರುಗಳು ಎಷ್ಟೋ ಮೊದಲೇ ಬಂದಿದ್ದವು. ಪ್ರಖರವಾದ ನೀಲಿ ಮಾತ್ರ ಬಹುಕಾಲ ಯಾರ ಕೈಗೂ ಸಿಕ್ಕಿರಲಿಲ್ಲ. ಜಪಾನಿನ ನಿಚಿಯಾ ಎಂಬ ಕಂಪನಿಯ ನೌಕರ ಶೂಜಿ ನಕಮುರಾ ಅದನ್ನು ಸಾಧಿಸಿದರು. 1993ರಲ್ಲಿ ಅದು ಪ್ರಕಟವಾಯಿತು. ಪೇಟೆಂಟು ಕಂಪನಿಯದಾಯಿತು. ಅದರ ಒಂದು ಮುಖ್ಯ ಪೇಟೆಂಟಿಗಾಗಿ ನಕಮುರಾ ಅವರಿಗೆ ದೊರೆತ ಇನಾಮು 20,000 ಯೆನ್. ಒಂದು ಒಳ್ಳೆಯ ಕೋಟು ಹೊಲಿಸಿದರೆ ಮುಗಿಯುವ ಹಣ. ಅವರು ಕೆಲಸ ಬಿಟ್ಟರು, 2001ರಲ್ಲಿ ದಾವೆ ಹೂಡಿದರು. 2004ರ ಜನವರಿಯಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ 2,000 ಕೋಟಿ ಯೆನ್ ಕೊಡಬೇಕೆಂದು ತೀರ್ಪು ನೀಡಿತು. ಕಂಪನಿ ಮೇಲಿನ ನ್ಯಾಯಾಲಯಕ್ಕೆ ಹೋಯಿತು. 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಪಡೆದ ಮೂವರಲ್ಲಿ ನಕಮುರಾ ಒಬ್ಬರು.

ಇನ್ನೊಂದು ಪ್ರಸಂಗ ಸಕ್ಕರೆ ಕಾಯಿಲೆಗೆ ಸಂಬಂಧಿಸಿದ್ದು. ಬೆರಳ ತುದಿಯನ್ನು ಚುಚ್ಚಿ, ಒಂದು ತೊಟ್ಟು ರಕ್ತವನ್ನು ಪಟ್ಟಿಗೆ ತಾಗಿಸಿ, ಸಕ್ಕರೆ ಎಷ್ಟಿದೆಯೆಂದು ನೋಡುವ ಪುಟ್ಟ ಯಂತ್ರವನ್ನು ಅರಿಯದ ಮನೆ ಇಂದು ವಿರಳ. ಆ ಪಟ್ಟಿ ರಕ್ತವನ್ನು ತಾನಾಗಿಯೇ, ಬೇಕಾದಷ್ಟೇ ಒಳಕ್ಕೆ ಸೆಳೆದುಕೊಳ್ಳುವಂತೆ ಮಾಡುವ ಒಂದು ಉಪಾಯವನ್ನು 1982ರಲ್ಲಿ ಬ್ರಿಟನ್ನಿನ ಇಯಾನ್ ಶ್ಯಾಂಕ್ಸ್ ಕಂಡುಹಿಡಿದರು. ಆಗ ಅವರು ಯೂನಿಲಿವರ್ ಕಂಪನಿಯ ನೌಕರರು. ಮಗಳ ಆಟಿಕೆಯ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗಳು, ಒಂದಿಷ್ಟು ತೆಳು ಹಾಳೆ, ಕಾಗದ ಹಿಡಿದಿಡುವ ಕ್ಲಿಪ್ಪು, ಇಷ್ಟರಿಂದಲೇ ಅವರು ಮೊದಲ ಮಾದರಿಯನ್ನು ಕಟ್ಟಿದರು. ಪೇಟೆಂಟುಗಳು ಕಂಪನಿಯದಾದವು. ಅವುಗಳಿಂದ ಕಂಪನಿಗೆ ಬಂದದ್ದು ಸುಮಾರು 2 ಕೋಟಿ 40 ಲಕ್ಷ ಪೌಂಡು. ಅಸಾಧಾರಣ ಲಾಭ ತಂದ ಶೋಧಕ್ಕೆ ನೌಕರನಿಗೂ ನ್ಯಾಯವಾದ ಪಾಲು ಕೊಡಬೇಕೆಂದು ಅಲ್ಲಿನ 1977ರ ಪೇಟೆಂಟು ಕಾಯಿದೆ ಹೇಳುತ್ತದೆ. 2006ರಲ್ಲಿ ಶ್ಯಾಂಕ್ಸ್ ಪಾಲು ಕೇಳಿದರು. ಕೆಳಗಿನ ಹಂತಗಳಲ್ಲೆಲ್ಲ ಸೋತು, 2019ರ ಅಕ್ಟೋಬರದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು. ಸಿಕ್ಕಿದ್ದು 20 ಲಕ್ಷ ಪೌಂಡು. ಕಾದದ್ದು ಹದಿಮೂರು ವರುಷ.

ಇಲ್ಲಿ ಮಾಲೀಕರ ಪಕ್ಷದ ಮಾತನ್ನೂ ಕೇಳುವುದು ಧರ್ಮ. ಯಂತ್ರ ನಮ್ಮದು, ಪ್ರಯೋಗಶಾಲೆ ನಮ್ಮದು, ಸಂಬಳ ಕೊಟ್ಟವರು ನಾವು. ಹತ್ತು ಪ್ರಯತ್ನಗಳಲ್ಲಿ ಒಂಬತ್ತು ಸೋತಾಗ ನಷ್ಟ ಹೊತ್ತವರೂ ನಾವು ಎಂದು ಅವರು ಹೇಳುತ್ತಾರೆ. ಇದರಲ್ಲಿ ಸತ್ಯವಿಲ್ಲದಿಲ್ಲ. ನಿಚಿಯಾದ ಸಂಸ್ಥಾಪಕ ನೊಬುವೊ ಒಗಾವಾ ಧೈರ್ಯ ಮಾಡಿ ಹಣ ಕೊಡದಿದ್ದರೆ ನಕಮುರಾ ಅವರ ಪ್ರಯೋಗ ನಡೆಯುತ್ತಿರಲಿಲ್ಲ. ಬಂಡವಾಳಕ್ಕೆ ಪಾಲು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಬುದ್ಧಿಗೆ ಪಾಲೇ ಇಲ್ಲವೆಂದರೆ ಅದನ್ನು ಒಪ್ಪುವುದು ಹೇಗೆ? ಸಂಬಳವೆಂಬುದು ಹೇಳಿದ ಕೆಲಸಕ್ಕೆ ಕೊಡುವ ಕೂಲಿ. ಯಾರೂ ಹೇಳದಿದ್ದ, ಯಾರಿಗೂ ತಿಳಿಯದಿದ್ದ ದಾರಿಯೊಂದನ್ನು ಕೆಲಸಗಾರ ತೋರಿಸಿದರೆ ಅದು ಕೂಲಿಯ ಲೆಕ್ಕಕ್ಕೆ ಸೇರುವುದಿಲ್ಲ. ಈ ತತ್ವವನ್ನು ಜರ್ಮನಿ 1957ರಲ್ಲಿಯೇ ನೌಕರರ ಶೋಧಗಳಿಗಾಗಿ ಪ್ರತ್ಯೇಕ ಕಾಯಿದೆ ಮಾಡಿ ಒಪ್ಪಿಕೊಂಡಿದೆ.

ಇನ್ನು ನಮ್ಮ ದೇಶದ ಸ್ಥಿತಿಯೇನು? ಪೇಟೆಂಟೆಂದರೆ ಶೋಧಕನಿಗೂ ಸರಕಾರಕ್ಕೂ ನಡುವಿನ ಒಂದು ಒಪ್ಪಂದ. ಶೋಧಕ ತನ್ನ ಗುಟ್ಟನ್ನು ಪೂರ್ತಿಯಾಗಿ ಬರೆದು ಲೋಕಕ್ಕೆ ಒಪ್ಪಿಸುತ್ತಾನೆ. ಅದಕ್ಕೆ ಪ್ರತಿಯಾಗಿ 20 ವರುಷ ಅವನ ಅಪ್ಪಣೆಯಿಲ್ಲದೆ ಬೇರೆಯವರು ಅದನ್ನು ಮಾಡಿ ಮಾರುವಂತಿಲ್ಲ. ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು. 1970ರ ಪೇಟೆಂಟು ಕಾಯಿದೆಯ ಪ್ರಕಾರ ಅರ್ಜಿ ಹಾಕುವ ಹಕ್ಕು ಮೊದಲ ಹಾಗೂ ನಿಜವಾದ ಶೋಧಕನಿಗೆ, ಇಲ್ಲವೇ ಅವನು ಹಕ್ಕನ್ನು ಬರೆದುಕೊಟ್ಟವರಿಗೆ. ಪೇಟೆಂಟಿನ ಒಡೆತನ ಕಂಪನಿಯದಾದರೂ ಶೋಧಕನ ಹೆಸರನ್ನು ಅದರಲ್ಲಿ ನಮೂದಿಸಲು ಕಾಯಿದೆಯಲ್ಲಿ ಅವಕಾಶವಿದೆ. ಒಬ್ಬನ ಶೋಧವನ್ನು ಇನ್ನೊಬ್ಬ ಅನ್ಯಾಯವಾಗಿ ಪಡೆದು ಅರ್ಜಿ ಹಾಕಿದರೆ ಅದನ್ನು ವಿರೋಧಿಸಲೂ ದಾರಿಯಿದೆ. ಅನಾನನಂಥವರನ್ನು ತಡೆಯುವ ಬಾಗಿಲು ನಮ್ಮಲ್ಲಿಯೂ ಇದೆಯೆಂದಾಯಿತು. ಆದರೆ ನೌಕರನ ಶೋಧಕ್ಕೆ ಎಷ್ಟು ಪಾಲು ಎಂಬ ವಿಷಯದಲ್ಲಿ ನಮ್ಮ ಕಾಯಿದೆ ಮೌನವಾಗಿದೆ. ಕೆಲಸಕ್ಕೆ ಸೇರುವಾಗ ರುಜು ಹಾಕಿದ ಕಾಗದದಲ್ಲಿ ಏನಿದೆಯೋ ಅದೇ ಮುಖ್ಯವಾಗುತ್ತದೆ. ಆ ಕಾಗದವನ್ನು ಓದಿ ರುಜು ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ?

ಇದು ನಮಗೆ ಸಂಬಂಧಿಸಿದ ಮಾತಲ್ಲವೆಂದು ಯಾರೂ ತಿಳಿಯಬಾರದು. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿ ಮಗ್ಗವನ್ನು ಕಿವಿಯಿಂದಲೇ ಪರೀಕ್ಷಿಸಬಲ್ಲವರಾಗಿದ್ದ ಜಾಬರರೂ ಫಿಟ್ಟರರೂ ಮಾಡಿದ ಎಷ್ಟೋ ಚಿಕ್ಕಪುಟ್ಟ ಸುಧಾರಣೆಗಳು ಎಲ್ಲಿಯೂ ದಾಖಲಾಗದೆ ಅವರೊಡನೆಯೇ ಹೋದವು. ನಮ್ಮ ಹೋಟೆಲಿನ ಅಡಿಗೆಮನೆಯಲ್ಲಿ ಅರೆಯುವ ಯಂತ್ರಕ್ಕೆ ತಗಡೊಂದನ್ನು ಬಡಿದು ಹಿಟ್ಟು ಹಾರದಂತೆ ಮಾಡಿದ ಭಟ್ಟರಿದ್ದಾರೆ. ಪೊಟ್ಟಣ ಕಟ್ಟುವ ಯಂತ್ರದ ಮುಂದೆ ನಿಂತು, ಅದು ಎಲ್ಲಿ ತಡೆಯುತ್ತದೆ, ಏಕೆ ತಡೆಯುತ್ತದೆ ಎಂದು ಇಂಜಿನಿಯರರಿಗಿಂತ ಮೊದಲೇ ಹೇಳಬಲ್ಲ ತರುಣರಿದ್ದಾರೆ. ಇವುಗಳೆಲ್ಲ ಪೇಟೆಂಟಿಗೆ ಅರ್ಹವೆಂದು ನಾವು ಹೇಳುವುದಿಲ್ಲ. ಮೊದಲೇ ಗೊತ್ತಿದ್ದ ಸಾಧನಗಳನ್ನು ಬರಿದೇ ಜೋಡಿಸಿದರೆ ಕಾಯಿದೆ ಒಪ್ಪುವುದಿಲ್ಲ. ಸಾಂಬಾರಿನ ಹೊಸ ಪುಡಿ ಎಷ್ಟು ರುಚಿಯಾಗಿದ್ದರೂ ಬರಿಯ ಬೆರಕೆಗೆ ಪೇಟೆಂಟು ಸಿಗದು. ಆದರೆ ನೂರರಲ್ಲಿ ಒಂದು ನಿಜವಾದ ಶೋಧವಾಗಿದ್ದರೆ, ಅದು ಕೈತಪ್ಪಿ ಹೋಗಬಾರದು.

ಆದುದರಿಂದ ನಮ್ಮ ಬಾಂಧವರಿಗೆ ನಾಲ್ಕು ಮಾತು ಹೇಳಬಯಸುತ್ತೇವೆ. ಒಂದು: ಹೊಸ ಉಪಾಯ ಹೊಳೆದೊಡನೆ ಪುಸ್ತಕದಲ್ಲಿ ಚಿತ್ರಸಹಿತ ಬರೆದು, ತಾರೀಖು ಹಾಕಿ, ನಂಬಿಕೆಯ ಇಬ್ಬರಿಂದ ರುಜು ಹಾಕಿಸಿ. ಕನ್ನಡದಲ್ಲಿ ಬರೆದರೂ ಅದು ಸಾಕ್ಷಿಯೇ. ಎರಡು: ಅರ್ಜಿ ಹಾಕುವ ಮೊದಲು ಹೊರಗಿನವರಿಗೆ ತೋರಿಸಬೇಡಿ, ಎಲ್ಲಿಯೂ ಪ್ರಕಟಿಸಬೇಡಿ, ಬಹಿರಂಗವಾದುದಕ್ಕೆ ಹೊಸತೆಂಬ ಮಾನ್ಯತೆ ಹೋಗುತ್ತದೆ. ಮೂರು: ಶೋಧ ಇನ್ನೂ ಪೂರ್ತಿಯಾಗದಿದ್ದರೆ ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಹಾಕಿ, ಪೂರ್ತಿ ವಿವರವನ್ನು 12 ತಿಂಗಳೊಳಗೆ ಒಪ್ಪಿಸಬಹುದು. ಮಹಾರಾಷ್ಟ್ರದವರ ಅರ್ಜಿಗಳನ್ನು ನೋಡುವ ಪೇಟೆಂಟು ಕಚೇರಿ ಇರುವುದು ನಮ್ಮ ಮುಂಬಯಿಯ ಆಂಟಾಪ್ ಹಿಲ್‌ನಲ್ಲಿಯೇ. ಸ್ವಂತ ಹೆಸರಿನಲ್ಲಿ ಅರ್ಜಿ ಹಾಕುವವರಿಗೆ ಕಂಪನಿಗಳಿಗಿಂತ ಶುಲ್ಕ ಕಡಿಮೆ. ನಾಲ್ಕು: ಕೆಲಸದ ಕರಾರಿಗೆ ರುಜು ಹಾಕುವ ಮೊದಲು ಓದಿ, ಓದಲಾಗದಿದ್ದರೆ ಓದಬಲ್ಲವರಲ್ಲಿಗೆ ಒಯ್ಯಿರಿ.

ಸಂಘಗಳ ಕರ್ತವ್ಯವೂ ಇಲ್ಲಿದೆ. ವರುಷಕ್ಕೊಮ್ಮೆ ಸನ್ಮಾನ, ನಾಟಕ, ಸಹಭೋಜನ ನಡೆಸುವ ನಮಗೆ, ತಿಂಗಳಲ್ಲಿ ಒಂದು ಸಂಜೆ ಕಾಯಿದೆ ಬಲ್ಲ ಒಬ್ಬರನ್ನು ಕರೆಸಿ ಕೆಲಸಗಾರರ ಕಾಗದಗಳನ್ನು ಓದಿಸುವುದು ಭಾರವಾಗಲಾರದು. ಹಗಲು ತಟ್ಟೆ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಪರಂಪರೆ ನಮ್ಮದು. ಅಕ್ಷರ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದಿದೆ? ಶೋಧದ ಲಾಭದಲ್ಲಿ ಕೆಲಸಗಾರನಿಗೆ ಪಾಲಿರಬೇಕೆಂಬ ಬೇಡಿಕೆಯನ್ನು ಕಾರ್ಮಿಕ ಸಂಘಟನೆಗಳು ವೇತನದ ಒಪ್ಪಂದಗಳಲ್ಲಿ ಎತ್ತಬೇಕು, ಸರಕಾರದ ಮುಂದೆಯೂ ಇಡಬೇಕು.

ಎಲ್ಲವನ್ನೂ ಹಣದಿಂದ ಅಳೆಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಕಾಲು ಕಳೆದುಕೊಂಡ ಲಕ್ಷಾಂತರ ಬಡವರನ್ನು ನಡೆಸಿದ ಜಯಪುರದ ಕೃತಕ ಕಾಲಿಗೆ ಪೇಟೆಂಟು ಪಡೆಯಲಿಲ್ಲ. ಯಾರು ಬೇಕಾದರೂ ಮಾಡಲಿ ಎಂದು ಬಿಟ್ಟುಕೊಟ್ಟರು. ಅದು ಉದಾರವಾದ ಕಾರ್ಯ. 1960ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದವರಲ್ಲಿ ಡಾಕ್ಟರ್ ಪಿ. ಕೆ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಅದಕ್ಕೆ ಅವರು ಅರ್ಹರೇ. ಆದರೆ ಆ ಕಾಲನ್ನು ಕೈಯಾರೆ ಕಡೆದು, ರಬ್ಬರನ್ನು ಎರಕ ಹೊಯ್ದು ಆಕಾರಕ್ಕೆ ತಂದ ಕುಶಲಕರ್ಮಿ ರಾಮಚಂದ್ರ ಶರ್ಮರ ಹೆಸರು ಎಷ್ಟು ಜನರ ಬಾಯಲ್ಲಿದೆ? ದಾನ ಮಾಡುವವನಿಗೂ ಅದು ತನ್ನದೆಂದು ಹೇಳಿ ಕೊಡುವ ಹಕ್ಕಿರಬೇಕು.

ನಾಳೆ ಪಾರ್ಸೆಲಿನ ಚೀಲವನ್ನು ಬಿಡಿಸುವಾಗ ನಮ್ಮ ಹುಡುಗರು ಆ ಗಿರಣಿಯ ಹೆಣ್ಣುಮಗಳನ್ನು ಒಮ್ಮೆ ನೆನೆಯಲಿ. ಸಾಧ್ಯವಾದರೆ ಮನೆಗೆ ಹೋಗುವ ದಾರಿಯಲ್ಲಿ ಒಂದು ಟಿಪ್ಪಣಿ ಪುಸ್ತಕವನ್ನೂ ಕೊಂಡುಕೊಳ್ಳಲಿ.