ವೇಗ ಹೇಳಿದಿರಿ, ಗುರಿ ಎಷ್ಟು ತಪ್ಪಿತು?

ಈ ವಾರವೂ ಅದೇ ಆಯಿತು. ವಿದ್ಯುತ್ಕಾಂತ ಫಿರಂಗಿಯ, ಅಂದರೆ ರೈಲ್‌ಗನ್ನಿನ ಮಾತು ಬಂದರೆ ಸಾಕು, ಟೀವಿಯವರು ಶಬ್ದದ ಏಳು ಪಟ್ಟು ವೇಗ ಎಂದು ಕೂಗುತ್ತಾರೆ. ಗುಂಡು ಗುರಿಯಿಂದ ಎಷ್ಟು ದೂರ ಬಿತ್ತು ಎಂದು ಒಬ್ಬರೂ ಕೇಳುವುದಿಲ್ಲ. ವೇಗ ಹೆಚ್ಚಿದರೆ ಗುರಿ ತಾನಾಗಿ ಕೂಡಿಬರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಹತ್ತಿರದಲ್ಲಿ ಓಡುವ ಗುರಿಗೆ ಅದು ನಿಜ, ತಪ್ಪಿಸಿಕೊಳ್ಳಲು ಸಮಯ ಸಿಗದು. ದೂರದ ಲೆಕ್ಕವೇ ಬೇರೆ. ಗಾಳಿಯ ತಡೆಯನ್ನು ಬದಿಗಿಟ್ಟರೆ, ಗುಂಡು ಕ್ರಮಿಸುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ನಳಿಗೆ ದಾಟುವಾಗ ವೇಗದಲ್ಲಿ ಶೇ 1ರಷ್ಟು ಏರುಪೇರಾದರೆ ದೂರದಲ್ಲಿ ಶೇ 2ರಷ್ಟು ತಪ್ಪು. 100 ಕಿ.ಮೀ. ಆಚೆಗೆ ಹಾರಿಸಿದರೆ ಅದು 2 ಕಿ.ಮೀ.; ಬೆಂಗಳೂರಿನ ಹಲಸೂರು ಕೆರೆಗೆಂದು ಹೊಡೆದದ್ದು ಇಂದಿರಾನಗರದ ಮನೆಗಳ ಮೇಲೆ ಬೀಳುತ್ತದೆ.

ಮದ್ದಿಗಿಂತ ವಿದ್ಯುತ್ತನ್ನು ಕರಾರುವಾಕ್ಕಾಗಿ ಅಳೆದು ಕೊಡಬಹುದಲ್ಲ ಎಂಬ ವಾದವಿದೆ. ಒಪ್ಪತಕ್ಕದ್ದೇ. ಆದರೆ ಆ ವಿದ್ಯುತ್ತು ಗುಂಡನ್ನು ತಳ್ಳುವುದು ಎರಡು ಹಳಿಗಳ ನಡುವೆ ಉಜ್ಜಿಕೊಂಡು ಜಾರುವ ಲೋಹದ ತುಂಡಿನ ಮೂಲಕ. ಲಕ್ಷಾಂತರ ಆಂಪಿಯರ್ ಹರಿಯುವಾಗ ಲೋಹದ ಮೈ ಕರಗುತ್ತದೆ, ಕಿಡಿ ಏಳುತ್ತದೆ, ಹಳಿ ಸವೆಯುತ್ತದೆ. ಮುಂದಿನ ಗುಂಡಿಗೆ ಸಿಗುವುದು ಮೊದಲಿದ್ದ ನಳಿಗೆಯಲ್ಲ. ಹಾಗಾದರೆ ದಾರಿ ತಿದ್ದುವ ಉಪಕರಣವನ್ನು ಗುಂಡಿನೊಳಗೇ ಇಡೋಣ ಎನ್ನುತ್ತಾರೆ. ಉಪಾಯ ಸರಿ, ಬಲು ಕಷ್ಟದ್ದು: 10 ಮೀಟರ್ ನಳಿಗೆಯಲ್ಲಿ ಸೆಕೆಂಡಿಗೆ 2,500 ಮೀಟರ್ ವೇಗ ಬರಬೇಕಾದರೆ ಒಳಗಿನ ಎಲೆಕ್ಟ್ರಾನಿಕ್ಸ್ ಗುರುತ್ವದ 30,000 ಪಟ್ಟು ಎಳೆತವನ್ನೂ ಪ್ರಬಲ ಕಾಂತಕ್ಷೇತ್ರವನ್ನೂ ತಡೆದುಕೊಳ್ಳಬೇಕು. ಅಮೆರಿಕದ ನೌಕಾಪಡೆ 2010ರಲ್ಲಿ 33 ಮೆಗಾಜೂಲ್‌ನ ದಾಖಲೆ ಮಾಡಿ, 2021ರಲ್ಲಿ ರೈಲ್‌ಗನ್ನನ್ನೇ ಕೈಬಿಟ್ಟಿತು. ಉಳಿದುಕೊಂಡದ್ದು ಅದಕ್ಕೆಂದು ರೂಪಿಸಿದ್ದ, ದಾರಿ ತಿದ್ದಿಕೊಳ್ಳುವ ಗುಂಡು. 2020ರ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಅದನ್ನು 155 ಮಿ.ಮೀ. ಹೊವಿಟ್ಜರಿನಿಂದ, ಮದ್ದಿನ ಬಲದಲ್ಲೇ ಹಾರಿಸಿ, ಕ್ರೂಸ್ ಕ್ಷಿಪಣಿಯ ಪಾತ್ರದಲ್ಲಿದ್ದ ಡ್ರೋನನ್ನು ಉರುಳಿಸಿದರು.

ವೇಗಕ್ಕಿಂತ ಗುರಿ ಮುಖ್ಯ ಎಂಬುದು ಬೆಂಗಳೂರಿಗೆ ಹೊಸ ಪಾಠವಲ್ಲ. ಇಂದಿರಾನಗರ ದಾಟಿದರೆ ಸಿ.ವಿ. ರಾಮನ್ ನಗರದಲ್ಲಿ ರೇಡಾರ್ ರೂಪಿಸುವ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇ ಇದೆ. ಬಿಇಎಲ್ ಜೊತೆ ಅದು ರೂಪಿಸಿದ ಸ್ವಾತಿ ರೇಡಾರ್, ಹಾರುವ ಶೆಲ್ಲನ್ನು ಆಕಾಶದಲ್ಲೇ ಗುರುತಿಸಿ ಎಲ್ಲಿಂದ ಹೊರಟಿತು, ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುತ್ತದೆ. ನಮ್ಮ ಫಿರಂಗಿಗಳ ಗುರಿ ತಿದ್ದಲೂ ನೆರವಾಗುತ್ತದೆ. ಗುರಿಕಾರಿಕೆಯ ಅರ್ಧ ವಿದ್ಯೆ ಅಲ್ಲಿದೆ. ಪುಣೆಯ ಶಸ್ತ್ರಾಸ್ತ್ರ ಪ್ರಯೋಗಾಲಯ ಎಆರ್‌ಡಿಇ ರೈಲ್‌ಗನ್ ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಪರೀಕ್ಷೆಯ ಪ್ರಕಟಣೆಯಲ್ಲಿ ವೇಗದ ಪಕ್ಕದಲ್ಲೇ, ಹತ್ತು ಗುಂಡು ಹಾರಿಸಿದರೆ ಎಷ್ಟು ಮೀಟರಿನೊಳಗೆ ಬಿದ್ದವು ಎಂಬ ಅಂಕಿಯೂ ಇರಬೇಕು. ಅದನ್ನು ಕೇಳದೆ ಮುಖಪುಟಕ್ಕೇರಿಸುವ ಸಂಪಾದಕರು ಕೊಡುತ್ತಿರುವುದು ಫಿರಂಗಿಯ ಸುದ್ದಿಯಲ್ಲ, ಪಟಾಕಿಯ ಸುದ್ದಿ.